ಕೀಲಿ ಕೊಟ್ಟ ಬಂಡಿ: ಮನೆಯ ಸಾಮಗ್ರಿಯಲ್ಲಿ ಶಕ್ತಿಯ ಪಾಠ

(ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಹಾಗೂ ವಿದ್ಯಾರ್ಥಿಗಳ ಉಪಯೋಗಕ್ಕಾಗಿ)

ಪೀಠಿಕೆ

ಪ್ರಚ್ಛನ್ನ ಶಕ್ತಿಯ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಯೂ, ಕೀಲಿ ಕೊಟ್ಟ ಆಟಿಕೆ ಓಡಿ ನಿಂತ ಮೇಲೆ ಆ ಶಕ್ತಿ ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ತಡವರಿಸುವುದುಂಟು. ಕೈಯಿಂದ ಮಾಡಿ, ಅಳೆದು ನೋಡಿದಾಗ ಮಾತ್ರ ಈ ಕೊರತೆ ನೀಗುತ್ತದೆ. ಕೆಳಗೆ ವಿವರಿಸಿರುವ ಬಂಡಿಯಲ್ಲಿ ಉಕ್ಕಿನ ಸ್ಪ್ರಿಂಗಿನ ಕೆಲಸವನ್ನು ರಬ್ಬರ್ ಬ್ಯಾಂಡ್ ನಿರ್ವಹಿಸುತ್ತದೆ. ಹಣ ಕೊಟ್ಟು ತರಬೇಕಾದುದು ಬಹುತೇಕ ಏನೂ ಇಲ್ಲ.

ಬೇಕಾಗುವ ಸಾಮಗ್ರಿ

18 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಗಟ್ಟಿ ರಟ್ಟು. ಸುಮಾರು 3 ಮಿ.ಮೀ. ದಪ್ಪದ ಎರಡು ನೇರ ಬಿದಿರು ಕಡ್ಡಿಗಳು, ಒಂದು ಸ್ಟ್ರಾ ಅಥವಾ ಖಾಲಿ ಪೆನ್ನಿನ ಕೊಳವೆ, ನೀರಿನ ಬಾಟಲಿಯ ನಾಲ್ಕು ಮುಚ್ಚಳಗಳು, ತೆಳುವಾದ ರಬ್ಬರ್ ಬ್ಯಾಂಡುಗಳು, ಗಟ್ಟಿ ದಾರ, ಬೆಂಕಿಕಡ್ಡಿಯ ತುಂಡು, ಅಂಟು.

ತಯಾರಿಸುವ ಕ್ರಮ

1. ರಟ್ಟಿನ ಹಿಂಬದಿಯ ಅಂಚಿನ ನಡುವೆ 3 ಸೆಂ.ಮೀ. ಅಗಲ ಹಾಗೂ ಅಷ್ಟೇ ಆಳದ ಕಚ್ಚು ತೆಗೆಯಿರಿ.
2. ರಟ್ಟಿನ ಕೆಳಭಾಗದಲ್ಲಿ, ಮುಂದೆ ಸ್ಟ್ರಾದ ಒಂದು ಉದ್ದ ತುಂಡನ್ನೂ, ಹಿಂದೆ ಕಚ್ಚಿನ ಎರಡು ಬದಿಗಳಲ್ಲಿ ಎರಡು ಚಿಕ್ಕ ತುಂಡುಗಳನ್ನೂ ಅಂಟಿಸಿರಿ. ಇವು ಪರಸ್ಪರ ಸಮಾಂತರವಾಗಿರಬೇಕು.
3. ಮುಚ್ಚಳಗಳ ನಟ್ಟನಡುವೆ ಶಿಕ್ಷಕರು ಮೊಳೆಯಿಂದ ರಂಧ್ರ ಮಾಡಿಕೊಡಲಿ. ಕಡ್ಡಿಗಳನ್ನು ಸ್ಟ್ರಾದೊಳಗೆ ತೂರಿಸಿ, ಎರಡು ತುದಿಗಳಿಗೂ ಮುಚ್ಚಳಗಳನ್ನು ಅಂಟಿನಿಂದ ಭದ್ರಪಡಿಸಿರಿ. ಕಡ್ಡಿಯೂ ಚಕ್ರವೂ ಒಂದಾಗಿ ತಿರುಗಬೇಕು.
4. ಹಿಂದಿನ ಅಚ್ಚಿನ ನಡುವೆ ಬೆಂಕಿಕಡ್ಡಿಯ ತುಂಡನ್ನು ದಾರದಿಂದ ಬಿಗಿದು, ಚಿಕ್ಕ ಗೂಟದಂತೆ ಹೊರಚಾಚುವಂತೆ ಮಾಡಿರಿ.
5. ರಬ್ಬರ್ ಬ್ಯಾಂಡನ್ನು ರಟ್ಟಿನ ಮುಂಭಾಗಕ್ಕೆ ಸಿಕ್ಕಿಸಿ, ಅದರ ಇನ್ನೊಂದು ತುದಿಗೆ ದಾರ ಕಟ್ಟಿರಿ. ದಾರದ ಕೊನೆಯಲ್ಲಿ ಸಡಿಲವಾದ ಕುಣಿಕೆ ಮಾಡಿ ಗೂಟಕ್ಕೆ ಹಾಕಿರಿ. ಈ ಸ್ಥಿತಿಯಲ್ಲಿ ದಾರ ನೇರವಾಗಿರಬೇಕು, ಆದರೆ ಬ್ಯಾಂಡ್ ಹಿಗ್ಗಿರಬಾರದು.

ದಾರವನ್ನು ಅಚ್ಚಿಗೆ ಗಂಟು ಹಾಕಬಾರದು. ಗಂಟು ಹಾಕಿದರೆ ಬಿಚ್ಚಿಕೊಂಡ ದಾರವೇ ಮತ್ತೆ ಸುತ್ತಿಕೊಂಡು ಬಂಡಿಯನ್ನು ತಡೆಯುತ್ತದೆ. ಕುಣಿಕೆಯಾದರೆ ತಾನಾಗಿ ಕಳಚುತ್ತದೆ. ಹಿಂದಿನ ಚಕ್ರಗಳನ್ನು ಹಿಮ್ಮುಖವಾಗಿ ತಿರುಗಿಸಿ, ದಾರವನ್ನು ಪಕ್ಕಪಕ್ಕದಲ್ಲಿ ಸುತ್ತಿ, ನೆಲದ ಮೇಲಿಟ್ಟು ಬಿಡಿರಿ.

ತತ್ವ

ಹಿಗ್ಗಿದಷ್ಟೂ ಸ್ಪ್ರಿಂಗ್ ಹೆಚ್ಚು ಬಲದಿಂದ ಹಿಂದಕ್ಕೆಳೆಯುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿ ಪ್ರಕಟಿಸಿದರು. ಹಿಗ್ಗುವಿಕೆಯನ್ನು ಇಮ್ಮಡಿಗೊಳಿಸಿದರೆ ಎಳೆಯುವ ದೂರ ಇಮ್ಮಡಿಯಾಗುತ್ತದೆ, ಸರಾಸರಿ ಬಲವೂ ಇಮ್ಮಡಿಯಾಗುತ್ತದೆ. ಆದ್ದರಿಂದ ಸಂಗ್ರಹವಾಗುವ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ರಬ್ಬರ್ ಈ ನಿಯಮವನ್ನು ಸ್ಥೂಲವಾಗಿ ಮಾತ್ರ ಪಾಲಿಸುತ್ತದೆ.

3 ಮಿ.ಮೀ. ದಪ್ಪದ ಅಚ್ಚು ಒಂದು ಸುತ್ತಿಗೆ ಸುಮಾರು 9 ಮಿ.ಮೀ. ದಾರವನ್ನು ಸುತ್ತಿಕೊಳ್ಳುತ್ತದೆ. ಅದೇ ಒಂದು ಸುತ್ತಿನಲ್ಲಿ 3 ಸೆಂ.ಮೀ. ವ್ಯಾಸದ ಚಕ್ರವು ಬಂಡಿಯನ್ನು ಸುಮಾರು 9 ಸೆಂ.ಮೀ. ಮುಂದೊಯ್ಯುತ್ತದೆ. ನಾಲ್ಕು ಸುತ್ತು ಸುತ್ತಿದರೆ 38 ಸೆಂ.ಮೀ.ಗಳ ಆಸುಪಾಸಿನಲ್ಲಿ ಕುಣಿಕೆ ಕಳಚುತ್ತದೆ. ಆಮೇಲಿನ ಓಟವೆಲ್ಲ ಬಂಡಿ ಗಳಿಸಿಕೊಂಡ ಚಲನ ಶಕ್ತಿಯದು.

ಘರ್ಷಣೆ ಇಲ್ಲಿ ಎರಡು ಪಾತ್ರ ವಹಿಸುತ್ತದೆ. ಅಚ್ಚು ಸ್ಟ್ರಾದೊಳಗೆ ಉಜ್ಜುವಲ್ಲಿ ಅದು ಶಕ್ತಿಯನ್ನು ಉಷ್ಣವಾಗಿ ಕಳೆಯುತ್ತದೆ. ಚಕ್ರ ನೆಲವನ್ನು ಮುಟ್ಟುವಲ್ಲಿ ಅದೇ ಬಂಡಿಯನ್ನು ಮುಂದೆ ತಳ್ಳುತ್ತದೆ. ಘರ್ಷಣೆಯೆಂದರೆ ಕೇವಲ ಅಡ್ಡಿ ಎಂಬ ತಿಳಿವಳಿಕೆಯನ್ನು ಇಲ್ಲಿಯೇ ತಿದ್ದಬಹುದು.

ಅಳತೆಯ ಚಟುವಟಿಕೆ

ಸಮತಟ್ಟಾದ ನೆಲದಲ್ಲಿ 2, 4, 6 ಸುತ್ತುಗಳಿಗೆ ತಲಾ ಮೂರು ಸಲ ಬಂಡಿಯನ್ನು ಓಡಿಸಿ, ಸಾಗಿದ ದೂರದ ಸರಾಸರಿ ಬರೆಯಿರಿ. ಓಡಿಸುವ ಮೊದಲೇ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ದಾಖಲಿಸಲಿ. ಘರ್ಷಣೆಯ ತಡೆ ಒಂದೇ ಸಮನಾಗಿದ್ದರೆ ದೂರಗಳು 1:4:9ರ ಅನುಪಾತದಲ್ಲಿರಬೇಕು.

ಅಂಕಿಗಳು ಹಾಗೆಯೇ ಬರುವುದು ಅಪರೂಪ. ಆಗ ಉತ್ತರಕ್ಕೆ ಹೊಂದುವಂತೆ ಅಂಕಿಗಳನ್ನು ತಿದ್ದುವುದನ್ನು ಶಿಕ್ಷಕರು ಎಷ್ಟು ಮಾತ್ರಕ್ಕೂ ಪ್ರೋತ್ಸಾಹಿಸಬಾರದು. ಅಳತೆ ಪುಸ್ತಕಕ್ಕೆ ಹೊಂದದಿದ್ದಾಗ ಕಾರಣ ಹುಡುಕುವುದೇ ಈ ಪಾಠದ ತಿರುಳು. ಕಂಡದ್ದನ್ನು ಕಂಡಂತೆ ಬರೆದು ಕಾರಣ ವಿವರಿಸಿದ ವಿದ್ಯಾರ್ಥಿಗೆ ಪೂರ್ಣ ಅಂಕ ಸಲ್ಲಬೇಕು.

ದೋಷ ಮತ್ತು ಪರಿಹಾರ

• ಚಕ್ರ ನಿಂತಲ್ಲಿಯೇ ತಿರುಗಿದರೆ: ಹಿಂದಿನ ಚಕ್ರಗಳಿಗೆ ರಬ್ಬರ್ ಬ್ಯಾಂಡ್ ತೊಡಿಸಿರಿ, ಹಿಂದಿನ ಅಚ್ಚಿನ ಮೇಲ್ಭಾಗದಲ್ಲಿ ಒಂದು ನಾಣ್ಯ ಅಂಟಿಸಿರಿ.
• ಬಂಡಿ ವಾಲಿದರೆ: ಅಚ್ಚುಗಳು ಸಮಾಂತರವಾಗಿಲ್ಲ.
• ಹಿಮ್ಮುಖವಾಗಿ ಓಡಿದರೆ: ದಾರವನ್ನು ವಿರುದ್ಧ ದಿಕ್ಕಿನಲ್ಲಿ ಸುತ್ತಲಾಗಿದೆ.
• ಬೇಗ ನಿಂತರೆ: ಮುಚ್ಚಳ ಸ್ಟ್ರಾಕ್ಕೆ ತಾಗುತ್ತಿದೆಯೇ, ಕುಣಿಕೆ ಕಳಚುತ್ತಿದೆಯೇ ಪರಿಶೀಲಿಸಿರಿ.

ಎಚ್ಚರಿಕೆ: ಬ್ಯಾಂಡನ್ನು ಹಿಗ್ಗಿಸುವಾಗ ಮುಖವನ್ನು ದೂರವಿಡಬೇಕು. ಕಡ್ಡಿಗಳ ಚೂಪು ತುದಿಗಳನ್ನು ಮೊಂಡಾಗಿಸಬೇಕು.

ಅಭ್ಯಾಸ ಪ್ರಶ್ನೆಗಳು

1. ಬಂಡಿ ನಿಂತಾಗ ಬ್ಯಾಂಡಿನಲ್ಲಿದ್ದ ಶಕ್ತಿ ಯಾವ ರೂಪದಲ್ಲಿದೆ?
2. ಹಿಂದಿನ ಚಕ್ರವನ್ನು ಮಾತ್ರ ದೊಡ್ಡದು ಮಾಡಿದರೆ ಕುಣಿಕೆ ಕಳಚುವ ಸ್ಥಳ ಹೇಗೆ ಬದಲಾಗುತ್ತದೆ?
3. ನಿಮ್ಮ ಅಂಕಿಗಳು 1:4:9ಕ್ಕೆ ಹೊಂದದಿರಲು ಎರಡು ಕಾರಣಗಳನ್ನು ಕೊಡಿರಿ. ಅವುಗಳಲ್ಲಿ ಒಂದನ್ನು ಪರೀಕ್ಷಿಸುವ ಬಗೆಯನ್ನು ಸೂಚಿಸಿರಿ.