ಬಂದರು ಸೇರದ ‘ಕೋಬ್ರಾ’

ಟಾರ್ಪಿಡೊ ದೋಣಿಗಳನ್ನು ಬೆನ್ನಟ್ಟಿ ನಾಶಮಾಡುವ ಹಡಗಿಗೆ ಡೆಸ್ಟ್ರಾಯರ್ ಎಂದು ಹೆಸರು. ಬ್ರಿಟಿಷ್ ನೌಕಾಪಡೆಯ ಮೊದಲ ಡೆಸ್ಟ್ರಾಯರ್ ‘ಹ್ಯಾವಕ್’ 1893ರಲ್ಲಿ ನೀರಿಗಿಳಿಯಿತು. ಇಂಥ ಹಡಗಿಗೆ ವೇಗವೇ ಬಲ. ಆದ್ದರಿಂದ ತೂಕ ಕಡಿಮೆಮಾಡಲು ಅದರ ಮೈಗೆ ತೆಳು ಉಕ್ಕಿನ ತಗಡು ಹಾಕುತ್ತಿದ್ದರು.

ಆಗಿನ ಇಂಜಿನುಗಳಲ್ಲಿ ಹಬೆಯು ಪಿಸ್ಟನ್ನನ್ನು ಮೇಲಕ್ಕೂ ಕೆಳಕ್ಕೂ ನೂಕುತ್ತಿತ್ತು. ಚಾರ್ಲ್ಸ್ ಪಾರ್ಸನ್ಸ್ ಎಂಬ ಇಂಜಿನಿಯರರು ಹಬೆಯನ್ನು ಅಲಗುಗಳ ಮೇಲೆ ಹಾಯಿಸಿ ನೇರವಾಗಿ ದಂಡವನ್ನೇ ತಿರುಗಿಸುವ ಟರ್ಬೈನನ್ನು ರಚಿಸಿದರು. ಇದನ್ನು ಹೊತ್ತ ಮೊದಲ ಎರಡು ಡೆಸ್ಟ್ರಾಯರುಗಳೇ ‘ವೈಪರ್’ ಮತ್ತು ‘ಕೋಬ್ರಾ’. ‘ವೈಪರ್’ ಗಂಟೆಗೆ 36 ನಾಟಿಕಲ್ ಮೈಲಿ, ಅಂದರೆ ಸುಮಾರು 67 ಕಿಲೋಮೀಟರಿನಂತೆ ಓಡಿತು. ಆದರೆ 1901ರ ಆಗಸ್ಟ್ 3ರಂದು ಮಂಜಿನಲ್ಲಿ ಆಲ್ಡರ್ನಿ ದ್ವೀಪದ ಬಳಿ ಬಂಡೆಗೆ ತಾಗಿ ಹಾಳಾಯಿತು. ಜೀವಹಾನಿಯಾಗಲಿಲ್ಲ.

‘ಕೋಬ್ರಾ’ದ ಗತಿ ಇನ್ನೂ ದಾರುಣವಾದುದು. ಅದೇ ವರ್ಷ ಸೆಪ್ಟೆಂಬರ್ 17ರಂದು ಟೈನ್ ನದಿಯಿಂದ ಪೋರ್ಟ್ಸ್‌ಮತ್ ಬಂದರಿಗೆ ಹೊರಟಿತು. ಸಮುದ್ರ ಪ್ರಕ್ಷುಬ್ಧವಾಗಿತ್ತು. ಮರುದಿನ ಬೆಳಿಗ್ಗೆ ಹಡಗು ನಡುವೆ ಎರಡಾಗಿ ಮುರಿಯಿತು. 67 ಮಂದಿ ಸತ್ತರು. ಉಳಿದವರು 12 ಮಂದಿ ಮಾತ್ರ. ಸತ್ತವರಲ್ಲಿ ನಾವಿಕರಷ್ಟೇ ಅಲ್ಲ, ಟರ್ಬೈನ್ ನೋಡಿಕೊಳ್ಳಲು ಹೋಗಿದ್ದ ಪಾರ್ಸನ್ಸರ ಕಾರ್ಖಾನೆಯ ಕೆಲಸಗಾರರೂ ಇದ್ದರು.

ಹಡಗು ನೆಲಕ್ಕಾಗಲಿ ಬಂಡೆಗಾಗಲಿ ತಾಗಿಲ್ಲ, ಮೈಯೇ ದುರ್ಬಲವಾಗಿತ್ತು ಎಂದು ನೌಕಾ ನ್ಯಾಯಾಲಯ ತೀರ್ಮಾನಿಸಿತು. ಬಳಿಕ ‘ವುಲ್ಫ್’ ಎಂಬ ಡೆಸ್ಟ್ರಾಯರನ್ನು ಡಾಕಿನಲ್ಲಿ ಆಧಾರಗಳ ಮೇಲೆ ನಿಲ್ಲಿಸಿ, ಅದರ ಮೈ ಎಷ್ಟು ಭಾರ ತಡೆಯುತ್ತದೆಂದು ಅಳೆದು ನೋಡಿದರು.

ಟರ್ಬೈನಿಗೆ ಕಳಂಕ ತಟ್ಟಲಿಲ್ಲ. 1906ರ ಮಹಾನೌಕೆ ‘ಡ್ರೆಡ್‌ನಾಟ್’ ಅದರಿಂದಲೇ ನಡೆಯಿತು. ಯಂತ್ರ ಗೆದ್ದ ಕಥೆಯನ್ನು ಓದುವಾಗ, ಅದರೊಡನೆ ಹೋಗಿ ಹಿಂತಿರುಗದ ಕೆಲಸಗಾರರನ್ನೂ ನಾವು ನೆನೆಯಬೇಕು.