ಅರ್ಧ ಪರೀಕ್ಷೆ, ಪೂರ್ತಿ ಗಾಬರಿ

ಈಚೆಗೆ ಎಡಿಸನ್ನಿನಲ್ಲಿ ನಮ್ಮ ಕೂಟದವರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಎಲ್ಲರಿಗೂ ಸ್ಟೀಲ್ ತಟ್ಟೆ, ಗ್ರೀನ್ ಕಾರ್ಡ್ ಮೇಲೆ ಹೊಸದಾಗಿ ಬಂದಿರುವ ಅತ್ತೆಯವರಿಗೆ ಮಾತ್ರ ಪೇಪರ್ ಪ್ಲೇಟು, ಪೇಪರ್ ಲೋಟ. ಅಡುಗೆಮನೆಯಲ್ಲಿ ಸೊಸೆ ಪಿಸುಗುಟ್ಟಿದಳು: ಯಾವುದೋ ಆರೋಗ್ಯ ಶಿಬಿರದಲ್ಲಿ ಬೆರಳು ಚುಚ್ಚಿ ನೋಡಿದರಂತೆ, ಹೆಪಟೈಟಿಸ್ ಸಿ ‘ರಿಯಾಕ್ಟಿವ್’ ಅಂತ ಚೀಟಿ ಕೊಟ್ಟರಂತೆ. “ಮಕ್ಕಳಿರೋ ಮನೆ ಆಂಟಿ, ಅದಕ್ಕೇ...” ಡಾಕ್ಟರ ಹತ್ತಿರ ಹೋದಿರಾ ಅಂದೆ. ಇಲ್ಲ. ಚೀಟಿ ಎಲ್ಲಿ? ಪಾಸ್‌ಪೋರ್ಟ್‌ಗಳ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ.

ಸೊಸೆಯ ಮೇಲೆ ಒಂದಿಷ್ಟು ಸಿಟ್ಟು ಬಂತು. ಚೀಟಿ ಕೈಗಿಟ್ಟು, ಮುಂದೇನು ಅಂತ ಅರ್ಥವಾಗುವ ಹಾಗೆ ಹೇಳದೆ ಕಳಿಸಿದವರ ಮೇಲೆ ಬಹಳಷ್ಟು ಬಂತು.

ಮೊದಲು ತಟ್ಟೆಯ ವಿಷಯ ಮುಗಿಸೋಣ. ಈ ವೈರಸ್ ಹರಡುವುದು ಮುಖ್ಯವಾಗಿ ರಕ್ತದಿಂದ. ಒಂದೇ ತಟ್ಟೆಯಲ್ಲಿ ಉಂಡರೆ, ಮೊಮ್ಮಗುವಿಗೆ ತುತ್ತು ಕೊಟ್ಟರೆ, ಅಪ್ಪಿ ಮುದ್ದಾಡಿದರೆ ಹರಡುವುದಿಲ್ಲ. ರೇಜರ್, ಟೂತ್‌ಬ್ರಷ್, ಶುಗರ್ ನೋಡುವ ಸೂಜಿ ಬೇರೆ ಬೇರೆ ಇರಲಿ. ಅವು ಹೇಗೂ ಬೇರೆಯೇ ಇರಬೇಕಾದವು. ಅಜ್ಜಿ ಸಾರು ಬಡಿಸಲಿ.

ಇನ್ನು ಆ ಚೀಟಿ. ಬೆರಳು ಚುಚ್ಚುವ ಶಿಬಿರಗಳಲ್ಲಿ ಸಾಮಾನ್ಯವಾಗಿ ನೋಡುವುದು ಆಂಟಿಬಾಡಿಯನ್ನು. ಆಂಟಿಬಾಡಿ ಇದೆ ಅಂದರೆ ವೈರಸ್ ಯಾವಾಗಲೋ ಒಮ್ಮೆ ಮೈಗೆ ಹೊಕ್ಕಿತ್ತು ಅಂತಷ್ಟೇ. ಈಗಲೂ ಇದೆಯೋ ಇಲ್ಲವೋ ಅದು ಹೇಳುವುದಿಲ್ಲ. ಸೋಂಕು ತಗುಲಿದವರಲ್ಲಿ ನೂರಕ್ಕೆ ಸುಮಾರು 30 ಜನರಿಗೆ ಚಿಕಿತ್ಸೆಯಿಲ್ಲದೆಯೇ ಆರು ತಿಂಗಳೊಳಗೆ ವೈರಸ್ ಹೋಗಿಬಿಡುತ್ತದೆ. ಆಮೇಲೂ ಚೀಟಿಯಲ್ಲಿ ‘ರಿಯಾಕ್ಟಿವ್’ ಅಂತಲೇ ಬರುತ್ತದೆ. ಮಾತ್ರೆ ನುಂಗಿ ಪೂರ್ತಿ ಗುಣವಾದವರಿಗೂ ಹಾಗೇ ಬರುತ್ತದೆ. ವೈರಸ್ ಈಗ ಇದೆಯೇ ಎಂದು ತಿಳಿಯಲು ಎರಡನೆಯ ಪರೀಕ್ಷೆ ಬೇಕು, ಅದು ಆರ್‌ಎನ್‌ಎ ಪರೀಕ್ಷೆ. ಜನ ಜಾರಿಬೀಳುವುದು ಈ ಎರಡರ ನಡುವೆ. ಮೊದಲನೆಯದು ಶಿಬಿರದಲ್ಲಿ ಪುಕ್ಕಟೆ, ಎರಡನೆಯದಕ್ಕೆ ಅಪಾಯಿಂಟ್‌ಮೆಂಟು, ಇನ್ಶೂರೆನ್ಸು, ಕಾರಿನಲ್ಲಿ ಕರೆದೊಯ್ಯಲು ಮಗನಿಗೆ ರಜೆ. ಸಂಕೋಚ ಬೇರೆ.

ಆದ್ದರಿಂದ ಪರೀಕ್ಷೆಗೆ ಹೋದಾಗ ‘ಎಚ್‌ಸಿವಿ ಆಂಟಿಬಾಡಿ ವಿತ್ ರಿಫ್ಲೆಕ್ಸ್’ ಎಂದೇ ಕೇಳಿ. ಮೊದಲನೆಯದು ಪಾಸಿಟಿವ್ ಬಂದರೆ, ನಿಮ್ಮನ್ನು ಮತ್ತೆ ಕರೆಸದೆ, ಆಗಲೇ ತೆಗೆದುಕೊಂಡ ರಕ್ತದಲ್ಲೇ ಲ್ಯಾಬಿನವರು ಆರ್‌ಎನ್‌ಎ ನೋಡುತ್ತಾರೆ. ಆಗಲೇ ಚೀಟಿ ಕೈಯಲ್ಲಿದ್ದರೆ ನೇರವಾಗಿ ಆರ್‌ಎನ್‌ಎ ಕೇಳಿ. ಗ್ರೀನ್ ಕಾರ್ಡ್ ಮೆಡಿಕಲ್‌ನಲ್ಲಿ ಎಲ್ಲ ನೋಡಿದ್ದಾರೆ ಅಂತ ಸುಮ್ಮನಿರಬೇಡಿ. ಅಲ್ಲಿ ಕೇಳುವುದು ಹೆಪಟೈಟಿಸ್ ಬಿ ಲಸಿಕೆ. ಸಿ ಪರೀಕ್ಷೆ ಆ ಪಟ್ಟಿಯಲ್ಲಿಲ್ಲ, ಸಿ-ಗೆ ಲಸಿಕೆಯೂ ಇಲ್ಲ.

“ನಮ್ಮಮ್ಮ ಒಂದು ತೊಟ್ಟು ಕುಡಿದವರಲ್ಲ, ಅವರಿಗೇಕೆ ಇದು?” ಅಂತ ಮಗ ಕೇಳಿದ. ಅಮ್ಮನ ಕಾಲದ ಊರನ್ನು ನೆನಪಿಸಿಕೊಳ್ಳಪ್ಪ ಅಂದೆ. ಒಂದೇ ಗಾಜಿನ ಸಿರಿಂಜು ನೀರಲ್ಲಿ ಕುದಿಸಿ ಊರಿಗೆಲ್ಲ ಚುಚ್ಚುತ್ತಿದ್ದ ಕಾಲ ಅದು. ಈ ವೈರಸ್ ಪತ್ತೆಯಾದದ್ದೇ 1989ರಲ್ಲಿ. ಭಾರತದಲ್ಲಿ ದಾನದ ರಕ್ತವನ್ನು ಇದಕ್ಕಾಗಿ ಪರೀಕ್ಷಿಸುವುದು ಈ ಶತಮಾನದ ಆರಂಭದ ತನಕ ಕಡ್ಡಾಯವೇ ಆಗಿರಲಿಲ್ಲ. ಹೆರಿಗೆಯಲ್ಲಿ ರಕ್ತ ಏರಿಸಿಕೊಂಡ ತಾಯಂದಿರು ಎಷ್ಟು ಜನ! ಅದನ್ನು ಅವರು ಇಲ್ಲಿನ ಡಾಕ್ಟರಿಗೆ ಹೇಳುವುದೂ ಇಲ್ಲ, ಏಕೆಂದರೆ ಪಕ್ಕದಲ್ಲಿ ಕೂತು ಇಂಗ್ಲಿಷ್ ಮಾಡುತ್ತಿರುವವನು ಮಗ. ಫೆಡರಲ್ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್‌ಗಳು ದುಭಾಷಿಯನ್ನು ಪುಕ್ಕಟೆಯಾಗಿ ಒದಗಿಸಬೇಕು. ‘ಇಂಡಿಯನ್’ ಅಂದರೆ ಫೋನಿನಲ್ಲಿ ಹಿಂದಿಯವರು ಬರುತ್ತಾರೆ, ಅಮ್ಮ ಎಲ್ಲದಕ್ಕೂ “ಹಾಂ ಜಿ” ಅನ್ನುತ್ತಾರೆ. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡ ಎಂದು ಬರೆಸಿ. ನೀವು ಸ್ವಲ್ಪ ಹೊತ್ತು ಹೊರಗೆ ಕೂತರೆ ನಷ್ಟವಿಲ್ಲ.

ಹಾಗೆಂದು ಕಾರಣ ಹೇಳಲೇಬೇಕು ಅಂತಲೂ ಇಲ್ಲ. 2020ರಿಂದ ಸಿಡಿಸಿ ಸಲಹೆ ಸ್ಪಷ್ಟವಾಗಿದೆ: 18 ದಾಟಿದ ಎಲ್ಲರಿಗೂ ಜೀವನದಲ್ಲಿ ಒಮ್ಮೆಯಾದರೂ, ಗರ್ಭಿಣಿಯರಿಗೆ ಪ್ರತಿ ಬಸಿರಿನಲ್ಲೂ ಈ ಪರೀಕ್ಷೆ. ಆಫೀಸಿನ ಇನ್ಶೂರೆನ್ಸ್ ಇದ್ದವರಲ್ಲಿ 18ರಿಂದ 79ರವರೆಗಿನವರಿಗೆ ಸ್ಕ್ರೀನಿಂಗ್ ಸಾಮಾನ್ಯವಾಗಿ ಕೋ-ಪೇ ಇಲ್ಲದೆ ಆಗುತ್ತದೆ. ಮುಂದಿನ ಪರೀಕ್ಷೆಗೆ ಬಿಲ್ ಬರುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ತೊಂದರೆ ಇರುವುದು ಅಪ್ಪ ಅಮ್ಮಂದಿರಿಗೆ. ಇಲ್ಲಿ ದುಡಿದ ದಾಖಲೆ ಇಲ್ಲದ ಹಿರಿಯರು ಮೆಡಿಕೇರ್ ಕೊಳ್ಳಲು ಗ್ರೀನ್ ಕಾರ್ಡ್ ಮೇಲೆ 5 ವರ್ಷ ಇಲ್ಲಿರಬೇಕು. ಅಂಥವರು, ಕೆಲಸ ಹೋಗಿ ಇನ್ಶೂರೆನ್ಸ್ ಕಳೆದುಕೊಂಡವರು, ಎಲ್ಲರಿಗೂ ಇರುವ ಬಾಗಿಲು ಕಮ್ಯುನಿಟಿ ಹೆಲ್ತ್ ಸೆಂಟರ್. ಕಡಿಮೆ ಆದಾಯದವರಿಗೆ ಆದಾಯ ನೋಡಿ ಶುಲ್ಕ ಇಳಿಸುತ್ತಾರೆ, ದುಡ್ಡಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ. “ಬಡವರ ಆಸ್ಪತ್ರೆಗೆ ನಾವು ಹೋಗೋದಾ?” ಅನ್ನುವವರಿಗೆ ನನ್ನ ಹತ್ತಿರ ಉತ್ತರವಿಲ್ಲ, ಸಮಯವೂ ಇಲ್ಲ. ವಿಸಿಟರ್ ವೀಸಾದಲ್ಲಿ ಬಂದವರ ಪ್ರವಾಸಿ ವಿಮೆ ಸಾಮಾನ್ಯವಾಗಿ ಇಂಥ ಸ್ಕ್ರೀನಿಂಗ್ ಒಪ್ಪುವುದಿಲ್ಲ. ಅವರು ಹೊರಡುವ ಮುಂಚೆ ಊರಲ್ಲೇ ಮಾಡಿಸಿಕೊಳ್ಳುವುದು ಜಾಣತನ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ.

ಇಷ್ಟು ಒತ್ತಾಯಿಸಲು ಕಾರಣವಿದೆ. ಬಿಟ್ಟರೆ ಈ ಕಾಯಿಲೆ ಯಾವ ಸದ್ದೂ ಇಲ್ಲದೆ ಇಪ್ಪತ್ತು ವರ್ಷ ಯಕೃತ್ತನ್ನು ತಿನ್ನುತ್ತದೆ. ಹಿಡಿದರೆ 8ರಿಂದ 12 ವಾರದ ಮಾತ್ರೆಗೆ ನೂರಕ್ಕೆ 95ಕ್ಕೂ ಹೆಚ್ಚು ಜನರಲ್ಲಿ ಪೂರ್ತಿ ಹೋಗುತ್ತದೆ. 2013ರ ಕೊನೆಯಲ್ಲಿ ಸೊಫಾಸ್‌ಬುವಿರ್ ಇಲ್ಲಿ ಬಂದಾಗ ಒಂದು ಮಾತ್ರೆಗೆ 1,000 ಡಾಲರ್, 12 ವಾರಕ್ಕೆ 84,000 ಡಾಲರ್. ಆ ಅಂಕಿ ಇನ್ನೂ ಹಲವರ ತಲೆಯಲ್ಲಿ ಕೂತಿದೆ. ಅದಾದ ಮೇಲೆ ಬೇರೆ ಕಂಪನಿಗಳ ಮಾತ್ರೆಗಳು ಬಂದು ಬೆಲೆ ಇಳಿದಿದೆ, ಕಟ್ಟಲಾಗದವರಿಗೆ ಔಷಧಿ ಕಂಪನಿಗಳ ನೆರವಿನ ಯೋಜನೆಗಳೂ ಇವೆ. ಅರ್ಜಿ ತುಂಬಲು ಹೆಲ್ತ್ ಸೆಂಟರ್‌ನಲ್ಲೇ ಸಹಾಯ ಕೇಳಿ.

ಯಾರ ಮನೆಯಲ್ಲಾದರೂ ಅಂಥ ಚೀಟಿ ಇದ್ದರೆ ಈ ವಾರವೇ ಡಾಕ್ಟರಿಗೋ ಹೆಲ್ತ್ ಸೆಂಟರಿಗೋ ಫೋನ್ ಮಾಡಿ. ಇಂಗ್ಲಿಷಿನಲ್ಲಿ ಮಾತಾಡಲು ಅಳುಕಾದರೆ ಕೂಟದ ಸ್ವಯಂಸೇವಕರು ಜೊತೆಗೆ ಲೈನಿನಲ್ಲಿ ಇರುತ್ತಾರೆ. ಯಾರ ವಿಷಯ ಅಂತ ಅವರು ಆಚೆ ಬಾಯಿ ಬಿಡುವುದಿಲ್ಲ; ಬಿಟ್ಟರೆ ನನಗೆ ಹೇಳಿ.