ಇಂಗ್ಲೆಂಡಿನಲ್ಲಿ ಪಾಲಿನ ಮನೆ: ಹಣಕಾಸಿನ ವಿವರ ಒಪ್ಪಿಸುವ ಬಗೆ

ಇಂಗ್ಲೆಂಡಿನ ಹೌಸಿಂಗ್ ಅಸೋಸಿಯೇಷನ್‌ಗಳು ಕಡಿಮೆ ಬಾಡಿಗೆಗೆ ಮನೆ ಕೊಡುವುದರ ಜೊತೆಗೆ ‘ಶೇರ್ಡ್ ಓನರ್‌ಶಿಪ್’ ಎಂಬ ಯೋಜನೆಯಲ್ಲಿ ಮನೆಯ ಒಂದು ಪಾಲನ್ನು ಮಾರುತ್ತವೆ. ಕೊಂಡವರು ತಮ್ಮ ಪಾಲಿಗೆ ಸಾಲದ ಕಂತು ಕಟ್ಟುತ್ತಾರೆ, ಉಳಿದ ಪಾಲಿಗೆ ಸಂಸ್ಥೆಗೆ ಬಾಡಿಗೆ ಕೊಡುತ್ತಾರೆ. ಪೂರ್ತಿ ಬೆಲೆ ತೆರಲಾಗದವರಿಗೆಂದೇ ಇರುವ ಯೋಜನೆ ಇದು. ಹಾಗಾಗಿ ಅರ್ಜಿದಾರರ ಆದಾಯ, ಉಳಿತಾಯ, ಸಾಲ, ಆಸ್ತಿ ಎಲ್ಲವನ್ನೂ ಸಂಸ್ಥೆ ವಿಚಾರಿಸುತ್ತದೆ. ಮಾರುವವರೇ ಕೊಳ್ಳುವವರ ಬ್ಯಾಂಕ್ ಖಾತೆ ಪರಿಶೀಲಿಸುವುದು ಕರ್ನಾಟಕದಿಂದ ಹೋಗಿ ನೆಲೆಸಿದವರಿಗೆ ಮುಜುಗರ ತರಬಹುದು. ಆದರೆ ಅದನ್ನು ದಾಟದೆ ಮನೆ ಸಿಗುವುದಿಲ್ಲ.

ಮೊದಲು ನೋಡಬೇಕಾದ್ದು ಅರ್ಹತೆ. ಮನೆಯವರ ಒಟ್ಟು ವಾರ್ಷಿಕ ಆದಾಯ 80,000 ಪೌಂಡ್ ಮೀರಿರಬಾರದು, ಲಂಡನ್ನಿನಲ್ಲಿ ಈ ಮಿತಿ 90,000. ಗಂಡ ಹೆಂಡತಿ ಇಬ್ಬರೂ ಸೇರಿ ಕೊಳ್ಳುವುದಾದರೆ ಇಬ್ಬರ ಗಳಿಕೆಯೂ ಲೆಕ್ಕಕ್ಕೆ ಬರುತ್ತದೆ, ಅದೂ ತೆರಿಗೆ ಕಳೆಯುವ ಮುಂಚಿನದು.

ಮುಂದಿನದು ತಾಳಿಕೆಯ ಲೆಕ್ಕ. 3,00,000 ಪೌಂಡ್ ಬೆಲೆಯ ಫ್ಲ್ಯಾಟಿನಲ್ಲಿ ಶೇ 25ರಷ್ಟು ಪಾಲು ಎಂದರೆ 75,000 ಪೌಂಡ್. ಅದರ ಶೇ 10ರಷ್ಟು, ಅಂದರೆ 7,500 ಪೌಂಡ್, ಕೈಯಿಂದ ಹಾಕಿದರೆ ಮಿಕ್ಕಿದ್ದಕ್ಕೆ ಸಾಲ. ಸಂಸ್ಥೆಯ ಬಳಿ ಉಳಿದ 2,25,000 ಪೌಂಡಿನ ಪಾಲಿಗೆ ಬಾಡಿಗೆ ದರ ವರ್ಷಕ್ಕೆ ಶೇ 2.75 ಇದ್ದರೆ ತಿಂಗಳಿಗೆ ಸುಮಾರು 516 ಪೌಂಡ್ ಆಗುತ್ತದೆ. ಇದರ ಮೇಲೆ ಸಾಲದ ಕಂತು, ಕಟ್ಟಡದ ನಿರ್ವಹಣಾ ಶುಲ್ಕ. ಇಷ್ಟನ್ನೂ ಕಟ್ಟಿದ ಮೇಲೆ ಸಂಸಾರಕ್ಕೆ ಸಾಕಷ್ಟು ಉಳಿಯುತ್ತದೆಯೇ ಎಂಬುದನ್ನು ಸಂಸ್ಥೆ ಸೂಚಿಸಿದ ಹಣಕಾಸು ಸಲಹೆಗಾರರು ತಿಂಗಳ ಖರ್ಚನ್ನು ಬಿಡಿಬಿಡಿಯಾಗಿ ಕೇಳಿ ನೋಡುತ್ತಾರೆ. ಖರ್ಚು ಕಡಿಮೆ ತೋರಿಸುವ ಆಸೆ ಬೇಡ. ಈ ಲೆಕ್ಕದಲ್ಲಿ ತಾಳದ ಮನೆ ವಾಸಕ್ಕೆ ಹೋದ ಮೇಲೂ ತಾಳುವುದಿಲ್ಲ. ಸಾಲವನ್ನು ಆ ಸಲಹೆಗಾರರ ಮೂಲಕವೇ ಪಡೆಯಬೇಕೆಂಬ ಕಟ್ಟುಪಾಡೂ ಇಲ್ಲ.

ಜೊತೆಗೆ ಒದಗಿಸಬೇಕಾದ ದಾಖಲೆಗಳು ಸಾಮಾನ್ಯವಾಗಿ ಇವು: ಪಾಸ್‌ಪೋರ್ಟ್ ಮತ್ತು ವೀಸಾ ವಿವರ, ಮೂರು ತಿಂಗಳ ಸಂಬಳ ಚೀಟಿ, ವರ್ಷದ ವೇತನ–ತೆರಿಗೆ ಪತ್ರವಾದ ಪಿ60, ಎಲ್ಲ ಖಾತೆಗಳ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕ್ರೆಡಿಟ್ ರಿಪೋರ್ಟ್. ಸ್ವಂತ ಉದ್ಯೋಗದವರು ತೆರಿಗೆ ಲೆಕ್ಕದ ಎಸ್‌ಎ302 ಪ್ರತಿಗಳನ್ನು ಕೊಡಬೇಕು. ಸ್ಟೇಟ್‌ಮೆಂಟಿನ ಪ್ರತಿ ಪುಟವೂ ಇರಲಿ. ನಡುವೆ ಒಂದು ಪುಟ ಕಾಣದಿದ್ದರೆ ಮತ್ತೆ ಕೇಳುತ್ತಾರೆ, ಅಷ್ಟರಲ್ಲಿ ವಾರಗಳು ಕಳೆದಿರುತ್ತವೆ.

ಊರಿನ ಆಸ್ತಿ, ಊರಿನ ಸಾಲ

ಕನ್ನಡಿಗರು ಹೆಚ್ಚು ಎಚ್ಚರ ವಹಿಸಬೇಕಾದ ಭಾಗ ಇದು. ಅರ್ಜಿದಾರರಿಗೆ ಬೇರೆ ಮನೆ ಇರಬಾರದು ಎಂಬ ಷರತ್ತು ಬ್ರಿಟನ್ನಿನ ಮನೆಗಷ್ಟೇ ಸೀಮಿತವಲ್ಲ, ವಿದೇಶದ ಮನೆಯೂ ಅದರಲ್ಲಿ ಸೇರುತ್ತದೆ. ಬೆಂಗಳೂರಿನಲ್ಲಿ ಸಾಲ ಮಾಡಿ ಕೊಂಡು ಬಾಡಿಗೆಗೆ ಕೊಟ್ಟಿರುವ ಫ್ಲ್ಯಾಟನ್ನು ಮರೆಯದೆ ಹೇಳಬೇಕು. ಖಾಲಿ ಸೈಟು, ಹೊಲ, ತೋಟ ವಾಸದ ಮನೆಯಲ್ಲ, ಆದರೂ ಆಸ್ತಿ ಎಂದು ತೋರಿಸಬೇಕಾಗುತ್ತದೆ. ಅಣ್ಣತಮ್ಮಂದಿರ ನಡುವೆ ಇನ್ನೂ ಭಾಗವಾಗದ ಹಿರಿಯರ ಮನೆಯದು ಸೂಕ್ಷ್ಮ ವಿಚಾರ. ಅದರಲ್ಲಿ ತನ್ನ ಹೆಸರು ಖಾತೆಗೆ ಬಂದಿಲ್ಲ ಎಂದು ಸುಮ್ಮನಾಗುವುದಕ್ಕಿಂತ ಇದ್ದ ಸ್ಥಿತಿಯನ್ನು ಸಂಸ್ಥೆಗೂ ಖರೀದಿಯನ್ನು ನೋಡಿಕೊಳ್ಳುವ ತಮ್ಮ ವಕೀಲರಿಗೂ ಬರೆದು ತಿಳಿಸಿ, ಲಿಖಿತ ಉತ್ತರ ಪಡೆಯುವುದೇ ಸರಿ. ಇದಕ್ಕೆ ತೆರಿಗೆಯ ನಂಟೂ ಇದೆ. ಮೊದಲ ಬಾರಿ ಮನೆ ಕೊಳ್ಳುವವರಿಗೆ ಇರುವ ಮುದ್ರಾಂಕ ತೆರಿಗೆಯ ರಿಯಾಯಿತಿ, ಜಗತ್ತಿನ ಯಾವ ಮೂಲೆಯಲ್ಲೂ ಮನೆಯ ಒಡೆತನ ಹೊಂದಿರದವರಿಗೆ ಮಾತ್ರ. ಉತ್ತರಾಧಿಕಾರದಿಂದ ಬಂದ ಪಾಲೂ ಇದಕ್ಕೆ ಅಡ್ಡಿಯಾಗಬಹುದು.

ಭಾರತದ ಬ್ಯಾಂಕಿನ ಇಎಂಐ ಬ್ರಿಟನ್ನಿನ ಕ್ರೆಡಿಟ್ ರಿಪೋರ್ಟಿನಲ್ಲಿ ಕಾಣುವುದಿಲ್ಲ. ಕಾಣುವುದಿಲ್ಲ ಎಂದು ಬಿಡುವಂತಿಲ್ಲ, ಏಕೆಂದರೆ ಅರ್ಜಿ ಕೇಳುವುದು ಎಲ್ಲ ಬಾಧ್ಯತೆಗಳನ್ನು. ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಕಳಿಸುವ ಹಣ, ಊರಿನ ಚೀಟಿಗೆ ಕಟ್ಟುವ ಕಂತು ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತವೆ. ಯಾರಿಗೆ, ಯಾತಕ್ಕೆ, ಎಲ್ಲಿಯವರೆಗೆ ಎಂದು ಒಂದು ಹಾಳೆಯಲ್ಲಿ ಮೊದಲೇ ಬರೆದುಕೊಟ್ಟರೆ ಪ್ರಶ್ನೆ ಬೆಳೆಯುವುದಿಲ್ಲ.

ಕೈಯಿಂದ ಹಾಕುವ ಹಣದ ಮೂಲವನ್ನು ವಕೀಲರೂ ಪ್ರತ್ಯೇಕವಾಗಿ ಕೇಳುತ್ತಾರೆ. 2017ರ ಅಕ್ರಮ ಹಣ ತಡೆ ನಿಯಮಗಳ ಪ್ರಕಾರ ಅದು ಅವರ ಕರ್ತವ್ಯ. ಹಾಸನದಲ್ಲಿ ತಂದೆ ಸೈಟು ಮಾರಿ ಮಗಳಿಗೆ ಹಣ ಕಳಿಸಿದ್ದಾರೆ ಎಂದುಕೊಳ್ಳೋಣ. ಮಗಳ ಖಾತೆಗೆ ದುಡ್ಡು ಬಂದ ಒಂದು ಸಾಲು ಸಾಲದು. ಮಾರಾಟದ ಕ್ರಯಪತ್ರ, ಹಣ ತಂದೆಯ ಖಾತೆಗೆ ಜಮೆಯಾದ ಪುಟ, ಅಲ್ಲಿಂದ ಬ್ರಿಟನ್ನಿಗೆ ಹೋದ ರವಾನೆ ಪತ್ರ, ತಂದೆಯ ಗುರುತಿನ ದಾಖಲೆ, ಇಷ್ಟೂ ಒಂದಕ್ಕೊಂದು ಕೊಂಡಿಯಂತೆ ಹೊಂದಬೇಕು. ಕ್ರಯಪತ್ರ ಕನ್ನಡದಲ್ಲಿದ್ದರೆ ಪ್ರಮಾಣಿತ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಹಣ ಕೊಡುಗೆಯಾಗಿದೆ, ಮರಳಿ ಕೇಳುವುದಿಲ್ಲ, ಮನೆಯಲ್ಲಿ ತನಗೆ ಹಕ್ಕಿಲ್ಲ ಎಂಬ ಪತ್ರಕ್ಕೆ ತಂದೆ ಸಹಿ ಹಾಕಬೇಕು. ನಿಜವಾಗಿ ಕೈಗಡವಾಗಿದ್ದರೆ ಈ ಪತ್ರಕ್ಕೆ ಸಹಿ ಹಾಕಬಾರದು, ಸಾಲವೆಂದೇ ತಿಳಿಸಬೇಕು. ಭಾರತದಲ್ಲಿರುವವರು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಕಳಿಸಬಹುದು.

ಸರ್ಕಾರಿ ಮನೆಯ ಬಾಡಿಗೆದಾರರು ಅದೇ ಮನೆಯನ್ನು ರಿಯಾಯಿತಿಯಲ್ಲಿ ಕೊಳ್ಳುವ ‘ರೈಟ್ ಟು ಬೈ’ ದಾರಿ ಬೇರೆ. ಅಲ್ಲಿ ಆದಾಯದ ಮಿತಿ ಇಲ್ಲ, ಆದರೆ ದಿವಾಳಿ ಪ್ರಕರಣ ಬಾಕಿ ಇದ್ದವರಿಗೆ ಹಕ್ಕು ಸಿಗುವುದಿಲ್ಲ. ಸ್ಕಾಟ್ಲೆಂಡಿನಲ್ಲಿ 2016ರಲ್ಲಿ, ವೇಲ್ಸಿನಲ್ಲಿ 2019ರಲ್ಲಿ ಈ ಯೋಜನೆ ರದ್ದಾಗಿದೆ.

ವಿವರ ಕೊಡುವಾಗ ತನ್ನ ಹಿತವನ್ನೂ ಕಾಯಬೇಕು. ದಾಖಲೆಗಳನ್ನು ಸಂಸ್ಥೆಯ ಸುರಕ್ಷಿತ ಜಾಲತಾಣದ ಮೂಲಕವೇ ಕಳಿಸುವುದು, ಪ್ರತಿಯೊಂದರ ನಕಲು ಇಟ್ಟುಕೊಳ್ಳುವುದು ಒಳ್ಳೆಯ ರೂಢಿ. ಯಾವ ದಾಖಲೆ ಯಾಕೆ ಬೇಕು ಎಂದು ಕೇಳುವ ಹಕ್ಕು ದತ್ತಾಂಶ ರಕ್ಷಣಾ ಕಾನೂನಿನಲ್ಲಿದೆ. ವಕೀಲರ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಇಮೇಲ್ ಬಂದರೆ, ಮೊದಲೇ ಗೊತ್ತಿದ್ದ ಸಂಖ್ಯೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳದೆ ಒಂದು ಪೌಂಡನ್ನೂ ಕಳಿಸಬಾರದು.

ಅರ್ಜಿ ಒಪ್ಪಿಗೆಯಾದ ಮೇಲೂ ಹೊಣೆ ಮುಗಿಯದು. ಕೀಲಿ ಕೈ ಸೇರುವ ಮುನ್ನ ಕೆಲಸ ಹೋದರೆ, ಕಾರಿಗೆ ಸಾಲ ಮಾಡಿದರೆ, ಊರಿನ ಆಸ್ತಿ ಹೆಸರಿಗೆ ಬಂದರೆ ಕೂಡಲೇ ತಿಳಿಸಬೇಕು. 2006ರ ವಂಚನೆ ಕಾಯ್ದೆಯ ಪ್ರಕಾರ ಅಪ್ರಾಮಾಣಿಕವಾಗಿ ಸುಳ್ಳು ಹೇಳುವುದೂ, ಹೇಳಲೇಬೇಕಾದ್ದನ್ನು ಮುಚ್ಚಿಡುವುದೂ ಅಪರಾಧ. ಗರಿಷ್ಠ ಶಿಕ್ಷೆ 10 ವರ್ಷ ಜೈಲು.